ಹಿಂದಿನಿಂದ ಬೀಸಿದ ಗಾಳಿ

"ಗುರುಗಳೇ, ಇಷ್ಟು ಜನರ ನಡುವೆ ಇದ್ದೂ ನಾನು ಒಂಟಿಯಾಗಿದ್ದೇನೆ. ಯಾಕೆ?" ಎಂದು ಮಡಿವಾಳಯ್ಯ ಕೇಳಿದ.

ಮಡಿವಾಳಯ್ಯ ಗುರುಗಳ ಹಿರಿಯ ಶಿಷ್ಯ. ಮಠದ ಆಡಳಿತವೆಲ್ಲ ಅವನ ಕೈಯಲ್ಲಿತ್ತು. "ನನ್ನ ಮಾತಿಗೆ ಯಾರೂ ಎದುರಾಡುವುದಿಲ್ಲ. ಹೇಳಿದ ಕೆಲಸ ಹೇಳಿದ ಹಾಗೆ ಆಗುತ್ತದೆ. ಆದರೆ ನಾನು ಹೋಗಿ ಕೂತರೆ ಅಲ್ಲಿನ ಮಾತು ನಿಂತುಹೋಗುತ್ತದೆ" ಎಂದ.

ಗುರುಗಳು ಅವನಿಗೆ ಈ ಕತೆ ಹೇಳಿದರು.

ಒಬ್ಬ ವಿಮಾನ ಚಾಲಕನಿದ್ದ. ಕೆಲಸದಲ್ಲಿ ಬಲು ಗಟ್ಟಿಗ. ಎಂಥ ಮಳೆಯಲ್ಲೂ ಹೂವು ಇಟ್ಟ ಹಾಗೆ ವಿಮಾನವನ್ನು ನೆಲಕ್ಕಿಡುತ್ತಾನೆ ಎಂದು ಹೆಸರಾಗಿದ್ದ. ಆ ಹೆಸರು ಅವನಿಗೂ ಗೊತ್ತಿತ್ತು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ವಿಮಾನ ನಡೆಸಲು ಇಬ್ಬರು ಬೇಕು. ಒಬ್ಬ ಇಳಿಸುತ್ತಾನೆ. ಇನ್ನೊಬ್ಬ ಪಕ್ಕದಲ್ಲಿ ಕೂತು ಎತ್ತರ, ವೇಗ ನೋಡುತ್ತಿರುತ್ತಾನೆ. ಹೆಚ್ಚಾದರೆ ಹೆಚ್ಚಾಯಿತು ಎಂದು ಬಾಯಿಬಿಟ್ಟು ಹೇಳಬೇಕು. ತೀರಾ ಕೆಟ್ಟರೆ 'ಗೋ ಅರೌಂಡ್' ಎನ್ನಬೇಕು. ಅಂದರೆ ಈಗ ಇಳಿಯುವುದು ಬೇಡ, ಮೇಲಕ್ಕೆ ಹೋಗಿ ಒಂದು ಸುತ್ತು ಹಾಕಿ ಮತ್ತೆ ಬರೋಣ ಎಂದು. ಆ ಮಾತು ಕಿರಿಯನ ಬಾಯಿಂದ ಬಂದರೂ ಹಿರಿಯ ಕೇಳಲೇಬೇಕು. ಅದು ಆ ಕಸುಬಿನ ಕಟ್ಟಳೆ. ಮೌನ ಬಂಗಾರ ಎಂದವರು ಯಾರೂ ವಿಮಾನ ಇಳಿಸಿದವರಲ್ಲ.

ಹಿಂದೆ ಒಮ್ಮೆ ಒಬ್ಬ ಸಹಚಾಲಕ ಈ ಹಿರಿಯ ಚಾಲಕನಿಗೆ ಆ ಮಾತು ಹೇಳಿದ್ದ. ಹಿರಿಯ ಕೇಳಿದ. ಸುತ್ತು ಹಾಕಿ ಬಂದು ಚೆನ್ನಾಗಿಯೇ ಇಳಿಸಿದ. ಬೈಯಲಿಲ್ಲ. ಆದರೆ ಹೋಟೆಲಿಗೆ ಹೋಗುವ ಕಾರಿನಲ್ಲಿ ಅವನ ಜೊತೆ ಮಾತಾಡಲಿಲ್ಲ. ಊಟದ ಹೊತ್ತಿಗೆ ತನ್ನ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ಬೈದಿದ್ದರೆ ಮರೆತುಹೋಗುತ್ತಿತ್ತು. ಈ ತಟ್ಟೆಯ ಸುದ್ದಿ ಮಾತ್ರ ಎಲ್ಲರಿಗೂ ಹಬ್ಬಿತು. ಅವರ ಜೊತೆ ಡ್ಯೂಟಿ ಬಿದ್ದರೆ ತುಟಿ ಹೊಲಿದುಕೊಂಡು ಕೂರು ಎಂದು ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಂಡರು. ಹಿರಿಯನಿಗೆ ಇದು ಗೌರವದಂತೆ ಕಂಡಿತು.

ಒಂದು ದಿನ ಅವನು ಗುಡ್ಡದ ನೆತ್ತಿಯ ನಿಲ್ದಾಣವೊಂದಕ್ಕೆ ಬರುತ್ತಿದ್ದ. ಅಲ್ಲಿನ ರನ್‌ವೇ ಗಿಡ್ಡ. ಅದು ಮುಗಿದ ಕಡೆ ಇಳಿಜಾರು. ಮಳೆ ಹಿಡಿದಿತ್ತು. ಗಾಳಿ ಎದುರಿನಿಂದ ಬೀಸಿದರೆ ವಿಮಾನವನ್ನು ತಡೆಯುತ್ತದೆ, ಆ ದಿನ ಹಿಂದಿನಿಂದ ಬೀಸಿ ತಳ್ಳುತ್ತಿತ್ತು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ವೇಗವೂ ಹೆಚ್ಚಿತ್ತು. ಪಕ್ಕದಲ್ಲಿದ್ದವನು ಬೇರೊಬ್ಬ ಸಹಚಾಲಕ. ಅವನು ಎಲ್ಲವನ್ನೂ ನೋಡಿದ. ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಕೊನೆಗೆ, "ಸರ್, ಗಾಳಿ ಹಿಂದಿನಿಂದ ಇದೆ ಅಲ್ವಾ?" ಎಂದ.

ಹಿರಿಯ "ಹೂಂ" ಎಂದ.

ವಿಮಾನ ರನ್‌ವೇಯ ಅರ್ಧ ದಾಟಿದ ಮೇಲೆ ನೆಲ ಮುಟ್ಟಿತು. ನಿಲ್ಲಲು ಜಾಗ ಸಾಲಲಿಲ್ಲ. ಇಳಿಜಾರಿಗೆ ಬಿದ್ದು ಮುರಿಯಿತು. ಬಹಳ ಜನ ಬದುಕಿದರು, ಕೆಲವರು ಬದುಕಲಿಲ್ಲ. ಚಾಲಕರಿಬ್ಬರೂ ಉಳಿದರು.

ವಿಚಾರಣೆಯವರು ಕಾಕ್‌ಪಿಟ್ಟಿನ ಧ್ವನಿಮುದ್ರಣವನ್ನು ಹಿರಿಯನಿಗೆ ಕೇಳಿಸಿದರು. ವೇಗವಾಗಿ ಇಳಿಯುತ್ತಿದ್ದೀಯ ಎಂದು ಎಚ್ಚರಿಸುವ ಯಂತ್ರ ಅದರಲ್ಲಿ ಮತ್ತೆ ಮತ್ತೆ ಕೂಗುತ್ತಿತ್ತು. ಯಂತ್ರಕ್ಕೇನು, ಅದು ಅವನ ಮೇಜಿನಲ್ಲಿ ಕೂತು ಉಣ್ಣಬೇಕಾಗಿರಲಿಲ್ಲ. ಅದು ಬಿಟ್ಟರೆ ಗಾಳಿಯ ಬಗ್ಗೆ ಒಂದು ಮಾತು, ತನ್ನದೇ ಒಂದು 'ಹೂಂ'. ಆಮೇಲೆ ಪಕ್ಕದಲ್ಲಿ ಒಬ್ಬ ಮನುಷ್ಯ ಉಸಿರಾಡುವ ಸದ್ದು. ಆ ಉಸಿರು ಜೋರಾಗುತ್ತಾ ಹೋಗಿತ್ತು.

ಹಿರಿಯ ಆಸ್ಪತ್ರೆಗೆ ಹೋದ. ಸಹಚಾಲಕನ ಕಾಲಿಗೆ ಪಟ್ಟಿ ಹಾಕಿದ್ದರು. ಹಿರಿಯನನ್ನು ಕಂಡ ಕೂಡಲೇ ಅವನು ಆ ನೋವಿನಲ್ಲೂ ಎದ್ದು ಕೂರಲು ನೋಡಿದ.

"ನಿನಗೆ ಗೊತ್ತಿತ್ತಾ?" ಎಂದು ಹಿರಿಯ ಕೇಳಿದ.

"ಗೊತ್ತಿತ್ತು ಸರ್."

"ಮತ್ತೆ ಯಾಕಪ್ಪಾ ಹೇಳಲಿಲ್ಲ?"

"ಹೇಳಿದೆನಲ್ಲ ಸರ್, ಗಾಳಿ ಇದೆ ಅಂತ."

"ಅದು ಹೇಳೋದಾ?"

ಸಹಚಾಲಕ ತಲೆ ತಗ್ಗಿಸಿದ. "ನಿಮಗೆ ಅಷ್ಟೇ ಹೇಳೋಕಾಗೋದು ಸರ್" ಎಂದ.

ಹಿರಿಯ ಅಲ್ಲೇ ಮಂಚದ ಪಕ್ಕ ಕೂತ. ಸತ್ತವರು ನೆನಪಾದರು, ಅತ್ತ. ಇಬ್ಬರು ಕೂರುವ ಜಾಗದಲ್ಲಿ ತಾನು ಇಷ್ಟು ವರ್ಷ ಒಬ್ಬನೇ ಕೂತಿದ್ದೆ ಎಂಬುದು ಅವನಿಗೆ ಆಗ ಗೊತ್ತಾಯಿತು. ಇನ್ನೊಬ್ಬನನ್ನು ಎಬ್ಬಿಸಿ ಕಳಿಸಿದವನೂ ತಾನೇ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನ ಮುಖ ಬಿಗಿದಿತ್ತು.

"ಆ ಕಿರಿಯನದೂ ತಪ್ಪಲ್ಲವೇ ಗುರುಗಳೇ? ಜನರ ಪ್ರಾಣ ಕೈಯಲ್ಲಿರುವಾಗ ನೇರವಾಗಿ ಹೇಳಬೇಕಿತ್ತು" ಎಂದ.

"ತಪ್ಪೇ" ಎಂದರು ಗುರುಗಳು. "ಆದರೆ ಮಡಿವಾಳಯ್ಯ, ನಿನಗೆ ಇದನ್ನು ಹೇಳಲು ನನಗೂ ಒಂದು ಕತೆ ಬೇಕಾಯಿತು."