ಎಲ್ಲರನ್ನೂ ಬಲ್ಲ ಸಾಕ್ಷಿ

"ಅಜ್ಜಾರ, ತನ್ನ ಹೆಸರನ್ನ ತನ್ನ ಕೈಲೇ ಬರದವ ಕಳ್ಳ ಹೆಂಗ ಆಗತಾನ್ರಿ?"

ಕೇಳಿದವನು ಫಕ್ಕೀರೇಶ. ತಾಲ್ಲೂಕಿನ ವಕೀಲರೊಬ್ಬರ ಬಳಿ ಗುಮಾಸ್ತ. ಸೋಮವಾರಕ್ಕೊಮ್ಮೆ ಮಠಕ್ಕೆ ಬಂದು ಅಜ್ಜನವರ ಪಾದ ಮುಟ್ಟಿ ಹೋಗುವವನು, ಈ ಸಲ ಬುಧವಾರ ಮಧ್ಯಾಹ್ನ ಬಂದಿದ್ದ.

"ಬಿಡಿಸಿ ಹೇಳು," ಎಂದರು ಅಜ್ಜನವರು.

"ಮಾತಿಲೇ ನಂಬಿಸಿ ಒಬ್ಬರ ಆಸ್ತಿ ಹೊಡಕೊಂಡ್ರ ವಂಚನೆ. ಇಲ್ಲದ ಪತ್ರ ಹುಟ್ಟಿಸಿದ್ರ ಖೋಟಾ. ಖೋಟಾ ಅಂತ ಗೊತ್ತಿದ್ದೂ ಅದನ್ನ ಖರೇ ಅಂತ ಮುಂದಿಟ್ರ ಅದಕ್ಕೊಂದು ಕಲಂ. ಒಬ್ಬರ ಹೆಸರಿನ್ಯಾಗ ಇನ್ನೊಬ್ಬರನ್ನ ನಿಲ್ಲಿಸಿದ್ರ ಅದಕ್ಕೂ ಕಲಂ ಐತ್ರಿ. ಇಷ್ಟೂ ಸರಿ ಅನ್ನೋಣು. ಆದ್ರ ಬಾಜೂಕ ನಿಂತು ಸಾಕ್ಷಿ ರುಜು ಹಾಕಿದವ ಏನೂ ಹುಟ್ಟಿಸಿಲ್ಲ, ಯಾರ ವೇಷಾನೂ ಹಾಕಿಲ್ಲ. ಅವನ ಮನೀಗೆ ಒಂದು ಇಟ್ಟಂಗೀನೂ ಬಂದಿಲ್ಲ. ಅವ ಕದ್ದದ್ದರ ಏನ್ರಿ?"

ಅಜ್ಜನವರು ಅವನ ಮುಖವನ್ನೇ ನೋಡಿದರು. "ಕಾಯ್ದೆ ಚಲೋ ಓದೀದಿ. ಕೂಡು," ಎಂದರು. ವರ್ಷಗಟ್ಟಲೆ ಪುರಾಣ ಹೇಳಿದ ರೂಢಿಯಿಂದ, ಕತೆಗೆ ತೊಡಗಿದರೆ ಅವರ ಬಾಯಲ್ಲಿ ಗ್ರಂಥದ ಕನ್ನಡ ಬರುತ್ತಿತ್ತು. ಅಂದೂ ಹಾಗೆಯೇ ಆಯಿತು.

ಒಂದು ಊರಿನ ನೋಂದಣಿ ಕಚೇರಿಯ ಎದುರು ಒಬ್ಬ ಸಾಕ್ಷಿಯವನಿದ್ದ. ಪತ್ರಕ್ಕೆ ಫೋಟೋ ಅಂಟಿಸುವ ಪದ್ಧತಿ ಇನ್ನೂ ಬಂದಿರದ ಕಾಲ. ಆಸ್ತಿ ಮಾರುವವನು ಅಧಿಕಾರಿಯ ಮುಂದೆ ನಿಂತಾಗ, ಇವನನ್ನು ನಾನು ಬಲ್ಲೆ, ಪತ್ರದಲ್ಲಿ ಹೆಸರಿರುವವನು ಇವನೇ ಎಂದು ಯಾರಾದರೂ ಹೇಳಿ ರುಜು ಹಾಕಬೇಕು. ದೂರದ ಹಳ್ಳಿಯಿಂದ ಬಂದವರು ಬಲ್ಲವರನ್ನು ಎಲ್ಲಿಂದ ತಂದಾರು? ಅವರಿಗೆಲ್ಲ ಇವನಿದ್ದ. ಬೇವಿನ ಮರದ ಕೆಳಗೆ ಕುಳಿತು ಅವನು ಇಡೀ ಸೀಮೆಯನ್ನು ಬಲ್ಲವನಾಗಿದ್ದ.

ಅವನು ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಕೆಲಸವೇ ಇರಲಿಲ್ಲ. ಅವನಿಗೊಂದು ನೇಮವಿತ್ತು. ಗುರುತಿಲ್ಲದವರಿಗೆ ರುಜು ಹಾಕುತ್ತಿರಲಿಲ್ಲ. ಮೊದಲು ಅವರನ್ನು ಎದುರಿನ ಚಹಾದಂಗಡಿಗೆ ಕರೆದೊಯ್ಯುವನು. ಹೆಸರು ಕೇಳುವನು, ಊರು ಕೇಳುವನು, ಮಕ್ಕಳೆಷ್ಟು, ಮಳೆ ಹೇಗೆ ಎಂದು ಕೇಳುವನು. ಚಹಾ ಮುಗಿಯುವ ಹೊತ್ತಿಗೆ ಗುರುತಾಯಿತು. ಆಮೇಲೆ ಬಲ್ಲೆ ಎಂದರೆ ಸುಳ್ಳೆಲ್ಲಿ ಬಂತು? ಮನುಷ್ಯನಿಗೆ ತನ್ನನ್ನು ತಾನು ನಂಬಿಸಿಕೊಳ್ಳುವುದು ಬಹಳ ಸುಲಭ. ಒಂದು ಲೋಟ ಚಹಾ ಸಾಕು.

ಪತ್ರದೊಳಗೆ ಏನಿದೆ ಎಂದು ಮಾತ್ರ ಅವನು ಓದುತ್ತಿರಲಿಲ್ಲ. ಅದು ಬರೆದವನ ಕೆಲಸ, ಊರ ಉಸಾಬರಿ ನನಗೇಕೆ ಎನ್ನುವನು.

ಮಧ್ಯಾಹ್ನದ ಹೊತ್ತಿಗೆ ಅವನು ಬಸ್ ನಿಲ್ದಾಣದ ಬಳಿ ಒಬ್ಬ ವಿಧವೆಯ ಹತ್ತಿರ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದ. ಅವಳ ಮನೆ ಅಲ್ಲಿಯೇ. ಎರಡು ಖೋಲಿ, ಮುಂದೊಂದು ಕಟ್ಟೆ. ಆ ಕಟ್ಟೆಯೇ ಅಂಗಡಿ. ಗಂಡ ಹೋದ ಮೇಲೆ ಅವಳಿಗೆ ಈ ಲೋಕದಲ್ಲಿ ತನ್ನದೆಂದು ಉಳಿದದ್ದು ಅದೊಂದೇ. ಹತ್ತು ವರ್ಷ ಅವನು ಅಲ್ಲಿ ತಿಂದ. ಅವನಿಗೆ ಜ್ವರ ಬಂದಿದ್ದ ದಿನ ಅವಳು ಮಿರ್ಚಿ ಕೊಡದೆ, ಬೈದು, ಗಂಜಿ ಕಾಯಿಸಿ ಕುಡಿಸಿದ್ದಳು. ಎಲ್ಲರಂತೆ ಅವನೂ ಅವಳನ್ನು ಅವ್ವಾ ಎಂದು ಕರೆಯುತ್ತಿದ್ದ.

ಒಂದು ವರ್ಷ ಅವಳು ಮನೆಗೆ ಬೀಗ ಹಾಕಿ ಮಗಳ ಬಾಣಂತನಕ್ಕೆ ಹೋದಳು. ಮಗಳಿಗೆ ಸನ್ನಿ ಹಿಡಿಯಿತು. ಕೂಸನ್ನು ನೋಡುವವರಿಲ್ಲ. ಎರಡು ತಿಂಗಳಿಗೆಂದು ಹೋದವಳು ಎರಡು ವರ್ಷ ಅಲ್ಲಿಯೇ ಉಳಿಯಬೇಕಾಯಿತು.

ಇತ್ತ ಒಬ್ಬ ವ್ಯಾಪಾರಿಗೆ ಬಸ್ ನಿಲ್ದಾಣದ ಬಳಿ ಲಾಡ್ಜು ಕಟ್ಟಿಸುವ ಆಸೆಯಾಯಿತು. ಆ ಸಾಲಿನ ಮನೆಗಳನ್ನೆಲ್ಲ ಕೊಂಡ. ಮಾರಿದವರು ದಿಕ್ಕಿಗೊಬ್ಬರು ಹೋದರು. ನಡುವೆ ಬೀಗ ಹಾಕಿದ ಎರಡು ಖೋಲಿ ಉಳಿದವು. ಮಾಲಕಿ ಯಾವಾಗ ಬರುವಳೋ, ಬಂದರೂ ಮಾರುವಳೋ ಇಲ್ಲವೋ. ಕಾಯುವ ತಾಳ್ಮೆ ಅವನಿಗಿರಲಿಲ್ಲ. ಅದೇ ವಯಸ್ಸಿನ ಹೆಂಗಸೊಬ್ಬಳನ್ನು ಎಲ್ಲಿಂದಲೋ ಕರೆತಂದ. ಮಾಲಕಿಯ ಹೆಸರನ್ನು, ಅವಳ ಗಂಡನ ಹೆಸರನ್ನು ಗಿಳಿಗೆ ಕಲಿಸಿದಂತೆ ಕಲಿಸಿದ. ಖರೀದಿ ಪತ್ರ ಬರೆಸಿದ. ಸಾಕ್ಷಿಯವನ ಬಳಿ ಬಂದ.

ನೇಮದಂತೆ ಚಹಾ ಬಂತು. ಹೆಂಗಸು ತನ್ನ ಹೆಸರು ಗುರುಸಿದ್ದವ್ವ ಎಂದಳು. ಗಂಡ ಮುದುಕಪ್ಪ, ತೀರಿಕೊಂಡಿದ್ದಾನೆ ಎಂದಳು. ಚಹಾ ಕುಡಿದು ಕಚೇರಿಯ ಕಡೆ ಹೊರಟರು. ಅವಳು ಮುಂದೆ, ಸಾಕ್ಷಿಯವನು ಹಿಂದೆ. ಅವಳ ಕೈಚೀಲ ಅಂಗಡಿಯಲ್ಲಿಯೇ ಉಳಿದಿತ್ತು. ಅವನು ಅದನ್ನು ಎತ್ತಿಕೊಂಡು, "ಗುರುಸಿದ್ದವ್ವಾ," ಎಂದು ಕರೆದ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಕರೆದ. ತಿರುಗಲಿಲ್ಲ. ವ್ಯಾಪಾರಿ ಮೊಣಕೈ ತಾಗಿಸಿದ ಮೇಲೆ ಬೆಚ್ಚಿ ತಿರುಗಿದಳು.

ಇಲ್ಲಿ ಫಕ್ಕೀರೇಶ ಬಾಯಿ ಹಾಕಿದ. "ಆಕೀಗೆ ಕಿವಿ ಮಂದ ಇದ್ದಿರಬೇಕ್ರಿ ಅಜ್ಜಾರ. ಸಾಕ್ಷಿಯವಗ ಅದೇನು ಗೊತ್ತು?"

"ಅವನೂ ಹಂಗ ಅಂದುಕೊಂಡ," ಎಂದರು ಅಜ್ಜನವರು. ಮತ್ತೆ ಕತೆಗೆ ಬಂದರು.

ಕಿವಿ ಮಂದ ಇರಬೇಕು ಎಂದುಕೊಂಡ. ಕಚೇರಿಯೊಳಗೆ ಹೋದ. ಅಧಿಕಾರಿ ಮೆತ್ತಗಿನ ದನಿಯಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಆ ಹೆಂಗಸು ತಟ್ಟನೆ ಉತ್ತರ ಕೊಟ್ಟಳು. ಅದನ್ನೂ ಅವನು ಕೇಳಿದ. ಕೇಳುತ್ತಲೇ, ಬಲ್ಲೆ ಎಂದು ರುಜು ಹಾಕಿದ. ದುಂಡಗಿನ ಅಕ್ಷರ, ಅವನದೇ ಹೆಸರು, ಅವನದೇ ಕೈ.

ಹದಿನೆಂಟನೆಯ ದಿನ ವ್ಯಾಪಾರಿ ಬೀಗ ಒಡೆಸಿ ಆ ಮನೆಯನ್ನು ಕೆಡವಿಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಳಗೆ ಒಂದು ಟ್ರಂಕು ಇತ್ತು. ಅದರಲ್ಲಿ ಗಂಡನ ಕಾಲದ ಹಳೆಯ ಪತ್ರವಿತ್ತು. ಅದೂ ಮಣ್ಣಿನೊಡನೆ ಹೋಯಿತು. ಸಾಲಿನ ಉಳಿದವರಂತೆ ಅವ್ವನೂ ಮಾರಿ ಹೋಗಿರಬೇಕು ಎಂದುಕೊಂಡ ಸಾಕ್ಷಿಯವನು.

ಎರಡು ವರ್ಷದ ಮೇಲೆ ಅವಳು ಬಂದಳು. ಬಸ್ಸಿಳಿದು ನೋಡಿದರೆ ತನ್ನ ಮನೆ ಇದ್ದಲ್ಲಿ ಮೂರಂತಸ್ತಿನ ಕಟ್ಟಡ. ಕಾವಲುಗಾರ ಒಳಗೆ ಬಿಡಲಿಲ್ಲ. ಕಚೇರಿಗೆ ಹೋದಳು. ಗುರುಸಿದ್ದವ್ವ ಎಂಬುವವಳು ಮನೆ ಮಾರಿಯಾಗಿದೆ ಎಂದು ಪತ್ರದ ನಕಲು ಕೊಟ್ಟರು. ನಾನೇ ಗುರುಸಿದ್ದವ್ವ ಎಂದಳು. ಹಾಗಾದರೆ ನಿನ್ನನ್ನು ಬಲ್ಲವರನ್ನು ಕರೆತಾ ಎಂದರು. ಎಲ್ಲರನ್ನೂ ಬಲ್ಲ ಒಬ್ಬನು ಬೇವಿನ ಮರದ ಕೆಳಗೆ ಇದ್ದಾನೆ ಎಂದು ಯಾರೋ ಹೇಳಿದರು.

ಸಾಕ್ಷಿಯವನು ದೂರದಿಂದಲೇ ಅವಳನ್ನು ಗುರುತಿಸಿದ. ಅಷ್ಟು ವರ್ಷದ ಕಸುಬಿನಲ್ಲಿ ಅವನು ನಿಜವಾಗಿ ಬಲ್ಲವರು ಬಂದದ್ದು ಅದೇ ಮೊದಲು. ಎದ್ದು ನಿಂತ. "ಬಾ ಯವ್ವಾ, ಎಲ್ಲಿ ಹೋಗಿದ್ದಿ ಇಷ್ಟು ದಿನ? ನಿನಗ ರುಜು ಹಾಕಾಕ ನಾ ಒಂದು ಪೈನೂ ಮುಟ್ಟೂದಿಲ್ಲ," ಎಂದ. ಅವಳಿಗೆ ಅಳು ಬಂತು. ಅವಳು ನಕಲನ್ನು ಅವನ ಕೈಗಿಟ್ಟಳು.

"ನನಗ ಓದಾಕ ಬರೂದಿಲ್ಲಪ್ಪಾ. ನನ್ನ ಹೆಸರಿಗೆ ಬ್ಯಾರೆ ಯಾರನ್ನೋ ನಿಲ್ಲಿಸಿ, ಇಕೀನ ಗುರುಸಿದ್ದವ್ವ ಅಂತ ಯಾವನೋ ರುಜು ಹಾಕ್ಯಾನಂತ. ಯಾವ ಅದಾನ ನೋಡಿ ಹೇಳು. ನಾ ಅವಗ ಏನು ಮಾಡಿದ್ದೆ ಅಂತ ಒಂದು ಮಾತು ಕೇಳತೇನಿ."

ಅವನು ನೋಡಿದ. ದುಂಡಗಿನ ಅಕ್ಷರ.

ಹತ್ತು ವರ್ಷ ಅವಳ ಕೈಯಿಂದ ತಿಂದವನಿಗೆ ಅವಳ ಹೆಸರು ಗೊತ್ತಿರಲಿಲ್ಲ. ಅದಕ್ಕೇ ಅಂದು ಪತ್ರದ ಹೆಸರು ಕೇಳಿದಾಗ ಅವನಿಗೆ ಏನೂ ಅನ್ನಿಸಿರಲಿಲ್ಲ. ಅವನು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಅಷ್ಟು ಗಟ್ಟಿ ಎದೆ ಅವನದಲ್ಲ. ಅವಳ ಕಾಲಿಗೆ ಬಿದ್ದ. ರುಜು ನನ್ನದೇ ಎಂದ.

ಅವಳು ಬೈಯಲಿಲ್ಲ. "ಊರ ಮಂದಿ ಹೆಸರೆಲ್ಲ ಕೇಳಿದಿ. ನನ್ನ ಹೆಸರು ಒಂದ ದಿನರ ಕೇಳಬಾರದೇನೋ ತಮ್ಮಾ," ಎಂದಳು.

ಅವನಿಗೆ ಜೈಲಿನ ಭಯವಿತ್ತು. ಹೆಂಡತಿಯ, ಮಕ್ಕಳ ಚಿಂತೆಯಿತ್ತು. ಆದರೂ ಅವನು ಕಟಕಟೆ ಹತ್ತಿದ. ಅದನ್ನು ನಾವು ಒಪ್ಪಬೇಕು. ಅಂದು ಬಂದವಳು ಯಾರೆಂದು ನನಗೆ ಗೊತ್ತಿಲ್ಲ, ತನ್ನ ಹೆಸರು ಕರೆದರೆ ಅವಳು ತಿರುಗಲಿಲ್ಲ, ನಾನು ತಿಳಿದೂ ರುಜು ಹಾಕಿದೆ, ನನ್ನನ್ನು ಶಿಕ್ಷಿಸಿ, ಇವಳ ಮನೆ ಇವಳಿಗೆ ಕೊಡಿ ಎಂದ.

ವ್ಯಾಪಾರಿಯ ವಕೀಲ ಸಿಟ್ಟಾಗಲಿಲ್ಲ. ಚಹಾದಂಗಡಿಯವನನ್ನು ಕರೆಸಿದ. ಬೇವಿನ ಮರದ ಕೆಳಗೆ ಕೂಡುವ ನಾಲ್ವರನ್ನು ಕರೆಸಿದ. ಈತ ಯಾರಾದರೂ ಚಹಾ ಕುಡಿಸಿದರೆ ಅವರನ್ನು ಬಲ್ಲೆ ಎನ್ನುವುದು ನಿಜವೇ ಎಂದು ಕೇಳಿದ. ಎಲ್ಲರೂ ನಿಜ ಎಂದರು. ಅಂದು ಅವರ ಚಹಾ ಕುಡಿದ, ಇಂದು ಇವಳ ಚಹಾ ಕುಡಿದಿದ್ದಾನೆ ಎಂದ ವಕೀಲ. ನ್ಯಾಯಾಲಯದಲ್ಲಿ ನಗೆಯೆದ್ದಿತು.

ಪತ್ರದ ಹೆಬ್ಬೆಟ್ಟು ಅವಳದಲ್ಲ ಎಂದು ತಜ್ಞರು ಹೇಳಿದರು. ಅಲ್ಲವೆಂದ ಮೇಲೆ ಇವಳು ಗುರುಸಿದ್ದವ್ವನೇ ಅಲ್ಲ ಎಂದ ವಕೀಲ. ಅವಳು ಅಲ್ಲಿ ಇದ್ದದ್ದು ನಿಜ ಎಂದು ಇಬ್ಬರು ಬಸ್ ಚಾಲಕರು ಬಂದು ಹೇಳಿದರು. ಬಾಡಿಗೆಗೆ ಇದ್ದಳು ಎಂದ. ಅವರು ಹೆಸರು ಹೇಳಲಾರದೆ ಹೋದರು. ಅವರಿಗೂ ಅವಳು ಬರೀ ಅವ್ವ. ಮಗಳು ಅತ್ತಳು. ಮಗಳು ತಾಯಿಯ ಪರವಾಗಿ ಅಳದೆ ಇನ್ನಾರ ಪರವಾಗಿ ಅತ್ತಾಳು ಎಂದರು.

ನ್ಯಾಯಾಧೀಶರು ಕಟುಕರಲ್ಲ. ಆದರೆ ಅವರ ಮುಂದೆ ಇದ್ದದ್ದು ಕಾಗದ, ಮತ್ತು ಆ ಕಾಗದವನ್ನು ಸುಳ್ಳು ಎನ್ನಲು ಇದ್ದದ್ದು ಇವನೊಬ್ಬನ ಮಾತು. ಬಂದವರೆಲ್ಲರನ್ನೂ ಬಲ್ಲೆ ಎನ್ನುವವನ ಮಾತಿನ ಮೇಲೆ ನೋಂದಾಯಿಸಿದ ಪತ್ರವನ್ನು ತಳ್ಳಿಹಾಕಲಾಗದು ಎಂದು ತೀರ್ಪು ಬರೆದರು. ಮನೆ ವ್ಯಾಪಾರಿಯದೇ ಆಯಿತು. ಸಾಕ್ಷಿಯವನಿಗೆ ಶಿಕ್ಷೆಯೂ ಆಗಲಿಲ್ಲ. ಶಿಕ್ಷೆ ಕೊಡಬೇಕಾದರೂ ಅವನ ಮಾತನ್ನು ನಂಬಬೇಕಿತ್ತಲ್ಲ.

ಅವನು ಕಚೇರಿಯ ಎದುರು ಮತ್ತೆ ಕೂರಲಿಲ್ಲ. ಯಾವ ಕಲಮಿನಲ್ಲಾದರೂ ನನ್ನನ್ನು ಒಳಗೆ ಹಾಕಿ ಎಂದು ಠಾಣೆಗೆ ಎರಡು ಸಲ ಹೋಗಿ ಕೇಳಿದ. ಪೊಲೀಸರು ಗದರಿಸಿ ಕಳಿಸಿದರು. ಆ ಹೆಂಗಸು ಮಗಳ ಊರಿಗೆ ಹಿಂತಿರುಗಿದಳು. ಸ್ವಂತ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನಕ್ಕೆ ತಿನ್ನಲು ಕೊಟ್ಟವಳು, ಅಳಿಯನ ಪಡಸಾಲೆಯ ಮೂಲೆಯಲ್ಲಿ ಹಂಗಿನ ಅನ್ನ ತಿಂದು ಮೂರನೆಯ ವರ್ಷ ಸತ್ತಳು.

ನೀನು ಅವನು ಕದ್ದದ್ದೇನು ಎಂದು ಕೇಳಿದೆ. ಮನೆಯನ್ನು ವ್ಯಾಪಾರಿ ಕದ್ದ. ಹೆಸರನ್ನು ಆ ಬೇರೆ ಹೆಂಗಸು ಕದ್ದಳು. ಕದ್ದದ್ದನ್ನು ಹಿಂದಕ್ಕೆ ತರಬಲ್ಲ ಒಂದೇ ಒಂದು ಮಾತು ಉಳಿದಿತ್ತು. ಅದನ್ನು ಇವನು ಮೊದಲೇ ಹಾಳು ಮಾಡಿಟ್ಟಿದ್ದ.

ಕತೆ ಮುಗಿಯಿತು. ಫಕ್ಕೀರೇಶ ತಲೆ ತಗ್ಗಿಸಿ ಹಾಸುಗಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದ. ಕೊನೆಗೆ ಕೇಳಿದ.

"ಅಜ್ಜಾರ, ಅವ ಮೊದಲ ಹೋಗಿ ಹೇಳಿದ್ರ? ಆಕಿ ಬರೂಕಿಂತ ಮೊದಲು, ಆ ಹದಿನೆಂಟು ದಿನದಾಗ, ನಾ ತಪ್ಪು ರುಜು ಹಾಕೇನಿ ಅಂತ ತಾನ ಹೋಗಿ ಹೇಳಿದ್ರ ಏನಾಗತಿತ್ರಿ?"

ಅಜ್ಜನವರು ಅವನು ತಲೆಯೆತ್ತುವವರೆಗೆ ಕಾದರು.

"ನೀ ರುಜು ಹಾಕಿದ ಮನಿ ಇನ್ನೂ ನಿಂತಿದ್ರ ಏಳು, ಕಚೇರಿ ಐದಕ್ಕ ಮುಚ್ಚತಾರ."