ರೋಬೋ ಕೋಣೆ ಓರಣ ಮಾಡಿದ ಹೊನ್ನೂರ

ನಗುವವರು ನಗಿ, ಆದರೆ ಪೂರ್ತಿ ಕೇಳಿ ಆಮೇಲೆ ನಗಿ. ಪಾಲಿಟೆಕ್ನಿಕ್ ಗೇಟಿನ ಮುಂದೆ ಮಿರ್ಚಿ ಕರಿಯುವ ಹುಲಿಗೆವ್ವನಿಗೆ ಒಬ್ಬನೇ ಮಗ, ಹೊನ್ನೂರ. ಓದುವುದು ಅದೇ ಕಾಲೇಜಿನಲ್ಲಿ. ಏನು ಹೇಳಿದರೂ ಹೇಳಿದಷ್ಟೇ ಮಾಡುವವನು.

"ನಿನ್ನ ಕಟಗೊಂಡು ನಾ ಹೆಂಗ ಏಗಲೋ!" ಎಂದು ತಾಯಿ ದಿನಾ ಸೌಟು ಕುಟ್ಟುತ್ತಿದ್ದಳು.

ಆ ಕಾಲೇಜಿನಲ್ಲಿ ಪ್ರಿನ್ಸಿಪಾಲರೊಬ್ಬರಿಗೇ ಮೂರು ಕೋಣೆ. ಹೊನ್ನೂರನೂ ಸೇರಿ ರೋಬೋ ಮಾಡುವ ಹದಿನೆಂಟು ಮಕ್ಕಳಿಗೆ ಒಂದು. ಆ ಒಂದೂ ಪ್ರಿನ್ಸಿಪಾಲರ ಕಣ್ಣಿಗೆ ಚುಚ್ಚಿತು.

"ಶನಿವಾರ ಬರ್ತೀನಿ. ಓರಣ ಇಲ್ಲಾಂದ್ರ ಖಾಲಿ ಮಾಡ್ರಿ. ನನ್ನ ಅತಿಥಿಗಳಿಗೆ ಅಲ್ಲಿ ಸೋಫಾ ಹಾಕಸ್ತೀನಿ!"

"ಕೋಣಿ ಬಿಡೋ ಮಾತೇ ಇಲ್ಲ!" ಎಂದಳು ತಂಡದ ನಾಯಕಿ ಮುಬೀನಾ. "ಹೊನ್ನೂರ, ಒಂದೇ ಥರದ್ದನ್ನೆಲ್ಲ ಒಂದೇ ಡಬ್ಬಿಗೆ ಹಾಕು."

ಹಾಕಿದ. ನಟ್ಟಿಗೊಂದು ಡಬ್ಬಿ, ಚಕ್ರಕ್ಕೊಂದು ಡಬ್ಬಿ, ಮೋಟಾರಿಗೊಂದು, ವೈರಿಗೊಂದು. ಮೇಜಿನ ಮೇಲೆ ನಿಂತಿದ್ದ ರೋಬೋ ಮಾತ್ರ ಕಾಣಲಿಲ್ಲ.

"ರೋಬೋ ಎಲ್ಲೋ?"

"ನಾಕು ಡಬ್ಬ್ಯಾಗ ಐತಿ ಅಕ್ಕಾ."

"ಅಯ್ಯೋ ಪೆದ್ದ! ಏನರ ಎತ್ತೋ ಮೊದಲು ಸುತ್ತ ಸೀಮೆಸುಣ್ಣದಾಗ ಗೆರಿ ಎಳಿ. ಕೆಲಸ ಮುಗದ ಮ್ಯಾಲೆ ಆ ಗೆರ್‍ಯಾಗ ಇಡು. ತಿಳೀತಾ?"

"ತಿಳೀತು!"

ಎಲ್ಲರೂ ಕೂತು ಎರಡು ದಿನ ರೋಬೋ ಮತ್ತೆ ಜೋಡಿಸಿದರು. ಗುರುವಾರ ಕಸ ಗುಡಿಸುವ ಪಾಳಿ ಹೊನ್ನೂರನದು. ವೈರಿನ ತುಂಡಿಗೆ ಗೆರೆ ಎಳೆದ. ಶೇಂಗಾ ಸಿಪ್ಪೆಗೆ ಗೆರೆ ಎಳೆದ. ಸತ್ತ ಜಿರಲೆಗೆ ಆರೂ ಕಾಲು ಬಿಡದೆ ಗೆರೆ ಎಳೆದ. ಗುಡಿಸಿದ. ಆಮೇಲೆ ಜಿರಲೆ ಸಮೇತ ಎಲ್ಲವನ್ನೂ ಗೆರೆಯೊಳಗೆ ವಾಪಸ್ ಇಟ್ಟ!

"ಕಸಕ್ಕೂ ಜಾಗ ಕಾಯ್ದಿಡತಾರೇನೋ!" ಮುಬೀನಾ ಹಣೆ ಚಚ್ಚಿಕೊಂಡಳು. "ಬ್ಯಾಡಾದ್ದನ್ನ ತಿಪ್ಪಿಗೆ ಹಾಕು!"

ಶುಕ್ರವಾರ ಒಬ್ಬ, "ಈ ಗಣಿತ ನನಗ ಬ್ಯಾಡಪ್ಪ" ಎಂದ. ಅವನ ಪುಸ್ತಕ ತಿಪ್ಪೆಗೆ. ಮುಬೀನಾ ಉಪ್ಪಿಟ್ಟು ಬೇಡ ಎಂದಳು. ಡಬ್ಬಿ ಸಮೇತ ತಿಪ್ಪೆಗೆ.

ಈ ಸಲ ಬೈದವಳು ತಾಯಿ. "ಒಗೆಯೋ ಮೊದಲು ಬಾಯಿ ಬಿಟ್ಟು ಕೇಳೋ! 'ಇದು ಯಾರದು' ಅಂತ ಕೇಳು. 'ನಂದು' ಅಂದವರ ಮನೀಗೆ ಮುಟ್ಟಿಸಿ ಬಾ!"

ಶನಿವಾರ ಪ್ರಿನ್ಸಿಪಾಲರು ಬಂದರು. ಗೋಡೆಯ ಮೇಲೆ ಸುತ್ತಿಗೆ ಸುತ್ತಿಗೆಯ ಗೆರೆಯಲ್ಲಿ, ಗರಗಸ ಗರಗಸದ ಗೆರೆಯಲ್ಲಿ. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ.

"ಓರಣ ಇದ್ರೇನು? ಖಾಲಿ ಮಾಡ್ರಿ!"

"ಮಾಡೋದಿಲ್ಲ ಸರ್," ಎಂದಳು ಮುಬೀನಾ.

ಹೊನ್ನೂರ ನಡುವೆ ಬಂದ. "ಸರ್, ಇದೆಲ್ಲ ಯಾರದು?"

"ನಂದು! ಮೇಜು ನಂದು, ಮೊಳಿ ನಂದು, ಈ ಕಸಬರಿಗಿನೂ ನಂದು!" ಎಂದು ಗುಡುಗಿ ಪ್ರಿನ್ಸಿಪಾಲರು ಆಫೀಸಿಗೆ ನಡೆದರು.

"ಆಯ್ತು ಸರ್."

ಹೊನ್ನೂರ ತಾಯಿಯ ತಳ್ಳುಗಾಡಿ ತಂದ. ಮೇಜು ಏರಿಸಿದ, ಮೊಳೆ ಏರಿಸಿದ, ಎಣ್ಣೆ ಡಬ್ಬಿ, ರೋಬೋ, ಕಸಬರಿಗೆ ಏರಿಸಿ ಪ್ರಿನ್ಸಿಪಾಲರ ಮನೆ ಕಡೆ ತಳ್ಳಿದ. ಮುಬೀನಾ ಬೈಯಲು ಬಾಯಿ ತೆರೆದವಳು ತಡೆದುಕೊಂಡಳು. ತೋಳು ಏರಿಸಿದಳು. "ತಳ್ಳೋ ಹೊನ್ನೂರ! ನಾವೂ ತಳ್ತೀವಿ!"

ಮಧ್ಯಾಹ್ನ ಊಟಕ್ಕೆ ಬಂದ ಪ್ರಿನ್ಸಿಪಾಲರಿಗೆ ಅತ್ತೆ ಕೂತ ಸೋಫಾ ಬಿಟ್ಟರೆ ಸ್ವಂತ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ! ಬೀದಿಯೆಲ್ಲ ಕಿಕ್ಕಿರಿದು ನೋಡುತ್ತಿತ್ತು.

"ಇದ್ಯಾವುದೂ ನಂದಲ್ಲ! ಕೋಣೀನೂ ನಿಮ್ಮದೇ! ಇಲ್ಲಿರೋದನ್ನೆಲ್ಲ ಹೊತಗೊಂಡು ಹೋಗ್ರಿ!"

ಬೀದಿಯೇ ಸಾಕ್ಷಿ. ಮುಬೀನಾ ಕೋಣೆ ತೆರೆಯಲು ಮುಂದೆ ಓಡಿದಳು. ಹೊನ್ನೂರ ಅಲ್ಲಿರುವುದನ್ನೆಲ್ಲ ಹೊತ್ತುಕೊಂಡು ಬಂದ.

ಎಲ್ಲವನ್ನೂ ತಂದ! ಕೋಣೆಯ ನಟ್ಟನಡುವೆ ಪ್ರಿನ್ಸಿಪಾಲರ ಮನೆಯ ಸೋಫಾ. ಅದರ ಮೇಲೆ ಹುಲಿಗೆವ್ವನ ಮಿರ್ಚಿ ತಿನ್ನುತ್ತ ಪ್ರಿನ್ಸಿಪಾಲರ ಅತ್ತೆ. ಸುತ್ತಲೂ ಹೊನ್ನೂರ ಮಂಡಿಯೂರಿ ಸೀಮೆಸುಣ್ಣ ಎಳೆಯುತ್ತಿದ್ದ.

"ಕಾಲು ಒಳಗ ಇಟಗೋ ಅಜ್ಜಿ, ಗೆರಿ ಕೆಡತೈತಿ!"