ಒಲ್ಲೆನವ್ವನ ಕಟ್ಟೆ

ಬನ್ನಿದಿನ್ನಿಯಿಂದ ಕೃಷ್ಣೆಯ ಕಡೆಗೆ ನಡೆದರೆ, ಎರೆಹೊಲಗಳು ಮುಗಿದು ಬಂಡೆಗಳು ಏಳುವಲ್ಲಿ ಎದೆಯೆತ್ತರದ ಒಂದು ಕಲ್ಲುಕಟ್ಟೆ ಸಿಗುತ್ತದೆ. ಮೇಲೆ ಸುಣ್ಣ ಬಳಿದ ಶಿಲುಬೆ, ಸುತ್ತ ಜಾಲಿ. ಇದು ಒಲ್ಲೆನವ್ವನ ಕಟ್ಟೆ. ಹೊಸಬರು ಹೆಸರು ಕೇಳಿ ತಬ್ಬಿಬ್ಬಾಗುತ್ತಾರೆ. ಒಲ್ಲೆ ಎಂದವಳಿಗೆ ಯಾರಾದರೂ ಕೈಮುಗಿಯುತ್ತಾರೆಯೆ? 'ಒಳ್ಳೆಯವ್ವ' ಎಂಬುದು ಬಾಯಿಂದ ಬಾಯಿಗೆ ಸವೆದು ಹೀಗಾಗಿರಬೇಕೆಂದು ನಾನು ಊಹಿಸಿದ್ದೆ. ಊರಿನ ಚರ್ಚಿನ ಹಿರಿಯ ಉಪದೇಶಿ ಇನ್ನಾಸಪ್ಪನವರು ನಕ್ಕುಬಿಟ್ಟರು. "ಆಕಿ ಒಲ್ಲೆ ಅಂದಿದ್ದು ಖರೇನ ಐತಿ. ಏನ್ ಒಲ್ಲೆ ಅಂದ್ಳು, ಅದನ್ನ ಕೇಳು."

ಹಿಂದೆ ಒಮ್ಮೆ, ದೇಸಗತಿಯ ಕಾಲದಲ್ಲಿ, ಮದಲೇನವ್ವ ಎಂಬ ಹೆಂಗಸು ದೇಸಾಯರ ವಾಡೆಯಲ್ಲಿ ಜೀತಕ್ಕಿದ್ದಳಂತೆ. ಅವಳ ತಾಯಿಯೂ ಅಲ್ಲಿಯೇ ಜೀತ ಮಾಡುತ್ತ ಸತ್ತವಳು. ಒಂದು ಬೇಸಿಗೆ ದೇಸಾಯರ ಮಗಳಿಗೆ ಸಿಡುಬು ಎದ್ದಿತು. ಆಳುಕಾಳುಗಳೆಲ್ಲ ಓಡಿಹೋದರೂ ಮದಲೇನವ್ವ ಕೂಸಿನ ಹಾಸಿಗೆ ಬಿಟ್ಟು ಕದಲಲಿಲ್ಲ. ಮಗು ಬದುಕಿತು. ದೇಸಾಯರು ಅವಳನ್ನು ಕರೆದು, ಇಂದಿನಿಂದ ನೀನು ಯಾರ ಆಳೂ ಅಲ್ಲವೆಂದರು. ನೀರಾವರಿ ಹೊಲವನ್ನೂ ಕೊಡಲು ಬಂದರು. ಬಿಡುಗಡೆಯನ್ನು ಅವಳು ಕಣ್ಣೀರಿಟ್ಟು ಸ್ವೀಕರಿಸಿದಳು. ತಡೆಯುವವರಿಲ್ಲವೆಂಬುದನ್ನು ನಂಬಲಾರದೆ ವಾಡೆಯ ಬಾಗಿಲಲ್ಲಿ ಮತ್ತೆ ಮತ್ತೆ ಹೊರಗೆ ಹೋಗಿ ಒಳಗೆ ಬಂದಳು ಎನ್ನುತ್ತಾರೆ. ಹೊಲವನ್ನು ಮಾತ್ರ ಮುಟ್ಟಲಿಲ್ಲ. ಬಂಡೆಗಳಾಚೆ ಕುಷ್ಠರೋಗಿಗಳ ಗುಡಿಸಲುಗಳಿದ್ದವು. ಅಲ್ಲಿ ಕಾಲಿಟ್ಟವರು ಊರಿಗೆ ಮರಳುವಂತಿರಲಿಲ್ಲ. ಭಾನುವಾರದ ಪೂಜೆಗೂ ಬರುವಂತಿರಲಿಲ್ಲ. ಚರ್ಚಿನ ಸ್ವಾಮಿಗಳು ಇದನ್ನೆಲ್ಲ ತಿಳಿಸಿ ಹೇಳಿದ ಮೇಲೂ ಅವಳು ಅವರ ಆಶೀರ್ವಾದ ಪಡೆದು, ರೋಗಿಗಳ ಆರೈಕೆಗೆಂದು ಬಂಡೆ ದಾಟಿದಳು.

ವರ್ಷಗಳು ಕಳೆದವು. ಮದಲೇನವ್ವನ ಕೈಯಲ್ಲೂ ಕುಷ್ಠದ ಮಚ್ಚೆ ಕಂಡಿತೆಂಬ ಸುದ್ದಿ ವಾಡೆಗೆ ಮುಟ್ಟಿತು. ಮುದುಕರಾಗಿದ್ದ ದೇಸಾಯರು ವೈದ್ಯನೊಬ್ಬನನ್ನು ಕರೆದುಕೊಂಡು ಬಂಡೆಗಳ ಈಚೆ ಬಂದು ನಿಂತರು. ಕುದುರೆಯಿಂದ ಇಳಿದೇ ಮಾತಾಡಿದರೆಂದು ಕೆಲವರು, ಇಲ್ಲವೆಂದು ಕೆಲವರು.

"ಬಾರವ್ವಾ. ಬ್ಯಾನಿ ಈಗಿನ್ನೂ ಹತ್ತೇತಿ, ವಾಸಿ ಮಾಡ್ತೀನಿ ಅಂತಾನ ಈತ. ನಿನಗ ಬ್ಯಾರೆ ಮನಿ ಕಟ್ಟಸ್ತೀನಿ."

"ಒಲ್ಲೆನ್ರೀ."

"ಜೀತ ಬಿಡಿಸಿದವ ನಾನು. ಮತ್ತ ಜೀತಕ್ಕ ಬಿದ್ದೀಯಲ್ಲ!"

"ನೀವು ಬಿಡಿಸಿದ್ದಕ್ಕ ಇದು ಆತ್ರೀ. ಆಗ ನಾ ನಿಮ್ಮ ಸೊತ್ತು, ಕೊಡಾಕ ನನ್ನ ಕಡೆ ಏನಿತ್ತು? ನೀವು ಬಿಟ್ಟ ಮ್ಯಾಲೆ ನಾ ನನ್ನಾಕಿ ಆದೆ. ಆಮ್ಯಾಲೆ ಯೇಸುಸ್ವಾಮಿಗೆ ಕೊಟ್ಕೊಂಡೆ. ಆತ ಇಲ್ಲೇ ಇಟ್ಟಾನ." ಮತ್ತೆ, "ಔಷಧಿ ಇಟ್ಟು ಹೋಗ್ರಿ. ನನಗಿಂತ ಜೋರಾದವರು ಒಳಗದಾರ" ಎಂದಳಂತೆ.

ದೇಸಾಯರು ಔಷಧಿಯ ಗಂಟನ್ನು ನೆಲದ ಮೇಲಿಟ್ಟು ಹಿಂದಿರುಗಿದರು. ಇನ್ನು ಮುಂದೆ ಅವಳಿಗೆ ಕೊಡುವುದನ್ನು ಮಣ್ಣಿನಲ್ಲಿಡಬಾರದೆಂದು ಅದೇ ಜಾಗದಲ್ಲಿ ಕಟ್ಟೆ ಕಟ್ಟಿಸಿದರು. ಅವರು ಬದುಕಿರುವವರೆಗೂ ಜೋಳ, ಎಣ್ಣೆ, ಬೆಲ್ಲ ತಪ್ಪದೆ ಬಂದು ಅದರ ಮೇಲೆ ಕೂತವು. ಮದಲೇನವ್ವ ಬಂಡೆಗಳಾಚೆಯೇ ಕಣ್ಣು ಮುಚ್ಚಿದಳು. ಅವಳನ್ನು ಹೂತವರು ಬೆರಳುಗಳಿಲ್ಲದ ಕೈಗಳಿಂದ ಮಣ್ಣು ಎಳೆದರು ಎನ್ನುತ್ತಾರೆ.

ಗುಡಿಸಲುಗಳು ಈಗಿಲ್ಲ. ಆಚೆಯ ಮಣ್ಣದಿಬ್ಬಗಳಲ್ಲಿ ಅವಳದು ಯಾವುದೆಂದು ಯಾರಿಗೂ ತಿಳಿಯದು. ಇಲ್ಲಿ ಹರಕೆ ಹೊರುವವರು ಹೂವನ್ನಾಗಲಿ ಮೇಣದಬತ್ತಿಯನ್ನಾಗಲಿ ತರುವುದಿಲ್ಲ. ಹಳೆಯ ಹತ್ತಿಸೀರೆಗಳನ್ನು ಒಗೆದು, ಗಾಯಕ್ಕೆ ಸುತ್ತುವಷ್ಟು ಅಗಲಕ್ಕೆ ಹರಿದು, ಮಡಚಿ ಇಟ್ಟು ಹೋಗುತ್ತಾರೆ. ಅವನ್ನು ಯಾರು ಯಾವ ಆಸ್ಪತ್ರೆಗೆ ಒಯ್ಯುತ್ತಾರೆಂದು ವಿಚಾರಿಸಿದೆ. ಯಾರೂ ಹೇಳಲಿಲ್ಲ. ಮರುದಿನ ಹೋದಾಗ, ಹಿಂದಿನ ದಿನ ಮಡಚಿದ ಬಟ್ಟೆಗಳಿದ್ದ ಕಟ್ಟೆ ಬರಿದಾಗಿತ್ತು.